ನಜ್ಮಾದ ಪ್ರಿಂಟರು, ಹದಿಮೂರನೇ ಚಾನೆಲ್ಲು

ಹೋದ ತಿಂಗಳ ಒಂದು ಶನಿವಾರ ರಾತ್ರಿ, ಹತ್ತು ಗಂಟೆ ಆಗ್ತಾ ಬಂದಿತ್ತು. ಮಾರನೇ ದಿನ ಭಾನುವಾರ, ಅಂದರೆ ಕತಾರಿನಲ್ಲಿರೋ ನಮಗೆ ಊರಿನ ಸೋಮವಾರ ಇದ್ದ ಹಾಗೆ. ಬೇಗ ಮಲಗೋಣ ಅಂತ ದೀಪ ಆರಿಸೋ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಪಕ್ಕದ ಪಾರ್ಟಿಶನ್ನಿನ ಪುತ್ತೂರಿನವರು. (ನಜ್ಮಾದ ಹಳೇ ವಿಲ್ಲಾಗಳನ್ನ ನೋಡದವರಿಗೆ: ಒಂದು ದೊಡ್ಡ ಮನೆಯೊಳಗೆ ಗೋಡೆ ಎಬ್ಬಿಸಿ ಐದಾರು ಬಿಡಾರ ಮಾಡಿರ್ತಾರೆ. ಹೆಸರು ವಿಲ್ಲಾ, ಬಾಳು ವಠಾರ.)

"ಸರ್, ನಿಮ್ಮಲ್ಲಿ ಪ್ರಿಂಟರ್ ಉಂಟಲ್ಲ ಮಾರಾಯ್ರೆ?"

"ಇದೆ. ಆದ್ರೆ..." ಅಂದೆ. ಆ 'ಆದ್ರೆ'ಯ ಕಥೆಯೇ ಈ ಬರಹ.

ಅವರ ಕೈಯಲ್ಲಿ ನಾಲ್ಕು ಹಾಳೆ ಇತ್ತು. ಸಂಜೆ ಟೈಪಿಂಗ್ ಸೆಂಟರಿಗೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದದ್ದಂತೆ. ನೋಡಿದರೆ ಅತ್ತ ಕನ್ನಡವೂ ಅಲ್ಲ, ಇತ್ತ ಇಂಗ್ಲಿಷೂ ಅಲ್ಲ. ತಲೆ ಮೇಲೆ ಟೋಪಿ, ಕಾಲಿಗೆ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಹಳಬರಿಗೆ ಇದನ್ನ ನೋಡಿದ ತಕ್ಷಣ ಗೊತ್ತಾಗಿಬಿಡುತ್ತೆ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದಾರೆ.

ವಿಷಯ ಏನಪ್ಪಾ ಅಂದರೆ, ಇವರ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಊರಲ್ಲಿ ಜಾಗದ ಪಾಲು ಆಗಬೇಕು. ತಂಗಿ ತನ್ನ ಪಾಲಿನಲ್ಲಿ ಮನೆ ಕಟ್ಟೋಕೆ ಹೊರಟಿದ್ದಾಳೆ, ಬ್ಯಾಂಕಿನವರು ನೋಂದಣಿ ಆದ ಪತ್ರ ಕೇಳ್ತಿದ್ದಾರೆ. ಇವರಿಗೆ ರಜೆ ಇಲ್ಲ. ಹಾಗಾಗಿ ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ. ಭಾನುವಾರ ಬೆಳಿಗ್ಗೆ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿ ಸೀಲ್ ಹಾಕಿಸಬೇಕು, ಸೋಮವಾರ ರಾತ್ರಿ ಮಂಗಳೂರಿಗೆ ಹೊರಟ ಸ್ನೇಹಿತರ ಕೈಲಿ ಕಳಿಸಬೇಕು, ಆ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನ ಗೊತ್ತಾಗಿದೆ. ವಕೀಲರು ಕರಡು ಕಳಿಸಿದ್ದು ಶನಿವಾರ ಸಂಜೆ, ವಾಟ್ಸಾಪಿನಲ್ಲಿ, ಕನ್ನಡದಲ್ಲಿ, ನುಡಿಯಲ್ಲಿ!

ನನ್ನ ಲ್ಯಾಪ್‌ಟಾಪಿನಲ್ಲಿ ನುಡಿಯೂ ಇದೆ, ಬರಹವೂ ಇದೆ. ಅದು ನನ್ನ ಹಳೇ ಚಾಳಿ, ಎಷ್ಟು ಲ್ಯಾಪ್‌ಟಾಪ್ ಬದಲಾದರೂ ಆ ಫಾಂಟುಗಳನ್ನ ಹೊತ್ತುಕೊಂಡೇ ಬಂದಿದ್ದೀನಿ. ಕಡತ ತೆರೆದೆ. ಮುತ್ತಿನಂಥ ಕನ್ನಡ. ಅವರ ಮುಖ ಅರಳಿತು. ಆದ್ರೆ ನನ್ನ ತೊಂದರೆ ಬೇರೆ. ಗುರುವಾರ ತಾನೇ ಮನೆಯ ರೌಟರ್ ಬದಲಾಗಿತ್ತು. ಹಳೆಯದು ಸತ್ತು, ಕಂಪನಿಯವರು ಹೊಸದು ಕೂರಿಸಿ ಹೋಗಿದ್ದರು. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವೂ ಅದರ ಜೊತೆ ಹೊಂದಿಕೊಂಡವು. ಪ್ರಿಂಟರ್ ಮಾತ್ರ ಮುನಿಸಿಕೊಂಡು ಕೂತಿತ್ತು.

ವೈರ್ ಹಾಕಿ ಅಂತೀರಾ? ಹಾಕಬಹುದಿತ್ತು, ವೈರ್ ಇದ್ದಿದ್ದರೆ. ಈ ಪ್ರಿಂಟರನ್ನ ನಾನು ತಗೊಂಡಿದ್ದು ಇಲ್ಲೇ ಕೂಗಳತೆ ದೂರದ ಸೂಕ್ ಅಲ್ ಹರಾಜ್‌ನಲ್ಲಿ. ಹೌದು, ಅದೇ ಹರಾಜು! ನಮ್ಮ ಊರಿನ ಬ್ಯಾಂಕಿನವರು ಒಡವೆ ಕೂಗೋ ಹರಾಜಿಗೂ ನಜ್ಮಾದ ಈ ಹಳೇ ಸಾಮಾನಿನ ಸಂತೆಗೂ ಒಂದೇ ಅರಬ್ಬಿ ಪದ. ದೋಹಾ ಬಿಟ್ಟು ಹೋಗುವವರ ಸೋಫಾ, ಮಂಚ, ಫ್ರಿಜ್ಜು ಎಲ್ಲ ಅಲ್ಲಿಗೆ ಬಂದು ಬೀಳುತ್ತೆ. ಯಾರೋ ಅಮೆರಿಕದವರು ಬಿಟ್ಟು ಹೋದ ಪ್ರಿಂಟರು, ಹದಿನೈದು ವರ್ಷ ಹಳೆಯದು, ಚೌಕ ಮೂತಿಯ ಯುಎಸ್‌ಬಿ ವೈರ್ ಆಗಲೇ ನಾಪತ್ತೆ. ವೈರ್‌ಲೆಸ್ ಇದೆಯಲ್ಲ, ವೈರ್ ಯಾಕೆ ಅಂತ ಅಂಗಡಿಯವನೂ ಅಂದ, ನಾನೂ ಅಂದುಕೊಂಡೆ. 'ಅಮೆರಿಕದ್ದು' ಅನ್ನೋ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ರಿಂಟರಿನ ಪುಟ್ಟ ಪರದೆಯಲ್ಲಿ 'ಜಾಲ ಹುಡುಕು' ಅಂತ ಒತ್ತಿದೆ. ಹನ್ನೊಂದು ಹೆಸರು ತೋರಿಸಿತು. ಮೇಲಿನ ಮನೆಯ ಮಲಯಾಳಿ, ಎದುರಿನ ಈಜಿಪ್ಟಿನವರು, ಮೂಲೆಯ ಸಲೂನು, ಎಲ್ಲರದೂ ಇದೆ. ಎರಡು ಅಡಿ ದೂರದಲ್ಲಿ ಮಿಣುಕ್ತಾ ಕೂತಿರೋ ನಮ್ಮ ರೌಟರಿನ ಹೆಸರೇ ಇಲ್ಲ.

"ಪಾಸ್‌ವರ್ಡ್ ತಪ್ಪಿರಬಹುದಾ ಸರ್?" ಅಂದರು ಪುತ್ತೂರಿನವರು. ಅಲ್ಲ. ಬೀಗದ ಸಮಸ್ಯೆ ಆಗಿದ್ದರೆ ಮನೆಯಾದರೂ ಕಾಣಬೇಕಿತ್ತು. ವೈಫೈ ಬೀಗಗಳದ್ದೇ ಒಂದು ದೊಡ್ಡ ಪುರಾಣ. ಮೊದಲನೇ ಬೀಗ ವೆಪ್, ಅದನ್ನ 2001ರಲ್ಲಿ ಫ್ಲೂರರ್, ಮ್ಯಾಂಟಿನ್, ಶಮೀರ್ ಅನ್ನೋ ಮೂವರು ಮುರಿದು ತೋರಿಸಿದರು. ತರಾತುರಿಯಲ್ಲಿ 2003ಕ್ಕೆ ಡಬ್ಲ್ಯೂಪಿಎ, 2004ಕ್ಕೆ ಅದರ ಎರಡನೇ ಅವತಾರ, 2018ಕ್ಕೆ ಮೂರನೆಯದು. ಹಳೇ ಪ್ರಿಂಟರಿಗೆ ಮೂರನೆಯದು ಅರ್ಥವಾಗದೆ ಹೊರಗೇ ನಿಲ್ಲೋದೂ ಉಂಟು. ಆದ್ರೆ ಇಲ್ಲಿ ಆಗಿದ್ದು ಅದಲ್ಲ.

ಎರಡನೇ ಅನುಮಾನ ಹುಟ್ಟಿತು. ಹೊಸ ರೌಟರುಗಳು 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿಟ್ಟು ಕೂರುತ್ತವೆ. ನಮ್ಮ ಪ್ರಿಂಟರಿಗೆ ಕೇಳಿಸೋದು 2.4 ಮಾತ್ರ. ರೌಟರಿನ ಹೊಟ್ಟೆ ಕೆಳಗೆ ಅಂಟಿಸಿದ್ದ ಚೀಟಿ ನೋಡಿ ಒಳಗೆ ಹೋಗಿ, ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ರೌಟರ್ ಆರಿಸಿ ಹಚ್ಚಿದೆ. ಅದು ಎದ್ದು ಕೂರೋಕೆ ಎರಡು ಮೂರು ನಿಮಿಷ ಬೇಕು.

ಆ ಹೊತ್ತಿನಲ್ಲಿ ಚಹಾಕ್ಕೆ ಇಟ್ಟು, ಈ 2.4 ಅನ್ನೋದು ಎಲ್ಲಿಂದ ಬಂತು ಅಂತ ಅವರಿಗೆ ಹೇಳ್ತಾ ಕೂತೆ. (ಅವರು ಕೇಳಿರಲಿಲ್ಲ. ನನ್ನ ಮನೆಗೆ ಬಂದವರಿಗೆ ಇದು ತಪ್ಪಿದ್ದಲ್ಲ.)

ಒಂದು ಕಾಲದಲ್ಲಿ ಗಾಳಿಯಲ್ಲಿ ಮಾತು ಕಳಿಸೋಕೂ ಸರ್ಕಾರದ ಅಪ್ಪಣೆ ಬೇಕು, ಕೇಳೋಕೂ ಬೇಕು. ನಮ್ಮ ತಂದೆ ರೇಡಿಯೋ ಲೈಸೆನ್ಸಿನ ಪುಟ್ಟ ಪುಸ್ತಕ ಹಿಡಿದು ಪೋಸ್ಟಾಫೀಸಿಗೆ ಹೋಗಿ ವರ್ಷಾ ವರ್ಷಾ ದುಡ್ಡು ಕಟ್ಟಿ ಬರ್ತಿದ್ದದ್ದು ನನಗೆ ನೆನಪಿದೆ. ಅದರ ನಡುವೆಯೂ ಮನೆಯೊಳಗೇ ಒಂದು ಪ್ರಸಾರ ಕೇಂದ್ರ ಇಟ್ಟವರು ನಮ್ಮ ಮೈಸೂರಿನಲ್ಲಿದ್ದರು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದರು, ಅದೂ ಸಣ್ಣ ಟ್ರಾನ್ಸ್‌ಮಿಟರಿನಲ್ಲಿ. ಅದಕ್ಕೆ ಇಟ್ಟ ಹೆಸರೇ 'ಆಕಾಶವಾಣಿ'. 1950ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೋ ಆ ಹೆಸರನ್ನ ತನ್ನದಾಗಿಸಿಕೊಂಡಿತು. ಮನೆಯಿಂದ ಮನೆಗೆ ಗಾಳಿಯಲ್ಲಿ ಮಾತು ಹೋಗಬಹುದು ಅಂತ ಕನ್ನಡದವರು ನೋಡಿದ್ದು ಆಗ.

ಇನ್ನು 2.4. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್, ರೇಡಾರಿಗೆ ಮಾಡಿದ ಮ್ಯಾಗ್ನೆಟ್ರಾನಿನಿಂದ ಅಡುಗೆ ಬಿಸಿ ಮಾಡಬಹುದು ಅಂತ ಕಂಡುಕೊಂಡ. ಒಲೆ ಹಚ್ಚಿದರೆ ರೇಡಿಯೋದಲ್ಲಿ ಗೊರಗೊರ ಶಬ್ದ ಬಂದರೆ ಹೇಗೆ? ಅದಕ್ಕೆ 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಕೆಲವು ತರಂಗ ಪಟ್ಟಿಗಳನ್ನ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಅಂತ ಬಿಟ್ಟುಕೊಟ್ಟಿತು. 2450 ಮೆಗಾಹರ್ಟ್ಸಿನ ಅಕ್ಕಪಕ್ಕ ಅಂಥದ್ದೊಂದು. ಊರ ಹೊರಗಿನ ತಿಪ್ಪೆ ಜಾಗ ಅಂದುಕೊಳ್ಳಿ. ಯಾರೂ ಏನೂ ಸುರಿಯಬಹುದು, ಯಾರೂ ದೂರು ಕೊಡೋ ಹಾಗಿಲ್ಲ.

ಸುಮಾರು ನಾಲ್ಕು ದಶಕ ಅದು ಹಾಗೇ ಬಿದ್ದಿತ್ತು. ಅಮೆರಿಕದ ಸಂಪರ್ಕ ಆಯೋಗದಲ್ಲಿ ಮೈಕೆಲ್ ಮಾರ್ಕಸ್ ಅನ್ನೋ ಎಂಜಿನಿಯರ್ ಆ ಜಾಗದಲ್ಲಿ ಲೈಸೆನ್ಸ್ ಇಲ್ಲದೆ ಸಂಪರ್ಕ ಯಂತ್ರ ನಡೆಸೋಕೆ ಬಿಡಬೇಕು ಅಂತ ಹಿಡಿದ ಹಟ ಬಿಡಲಿಲ್ಲ. 1985ರ ಮೇ ತಿಂಗಳಲ್ಲಿ ಆಯೋಗ ಒಪ್ಪಿತು. ಸಂದೇಶವನ್ನ ಒಂದೇ ತರಂಗದಲ್ಲಿ ಇಡದೆ ಅಗಲವಾಗಿ ಹರಡಿ ಕಳಿಸಬೇಕು ಅನ್ನೋದು ಷರತ್ತು. ಇವತ್ತು ನಿಮ್ಮ ಮನೆಯ ರೌಟರಿಗೆ ಯಾರೂ ಲೈಸೆನ್ಸ್ ಕೇಳ್ತಿಲ್ಲ ಅಂದರೆ ಬೇರು ಅಲ್ಲಿದೆ. ಭಾರತದಲ್ಲಿ 2.4ರ ಪಟ್ಟಿಗೆ ಈ ವಿನಾಯಿತಿಯ ನಿಯಮ ಬಂದಿದ್ದು 2005ರಲ್ಲಿ.

ಈ ಹರಡಿ ಕಳಿಸೋ ವಿದ್ಯೆಯ ಬಗ್ಗೆ ಒಂದು ಮಾತು. ಹಾಲಿವುಡ್ ನಟಿ ಹೆಡಿ ಲಮಾರ್ ವೈಫೈ ಕಂಡುಹಿಡಿದಳು ಅಂತ ನಮ್ಮ ಗುಂಪುಗಳಲ್ಲಿ ಮೂರು ತಿಂಗಳಿಗೊಮ್ಮೆ ಫಾರ್ವರ್ಡ್ ಬರುತ್ತೆ. ಅದು ಅತಿಯಾಯ್ತು. ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಟೈಲ್ 1942ರಲ್ಲಿ ಪೇಟೆಂಟ್ ಪಡೆದದ್ದು ತರಂಗದಿಂದ ತರಂಗಕ್ಕೆ ಜಿಗಿಯುವ ಟಾರ್ಪೆಡೋ ನಿಯಂತ್ರಣಕ್ಕೆ, ಪಿಯಾನೋದ 88 ಕೀಲಿಗಳ ಹಾಗೆ 88 ತರಂಗಗಳು. 1997ರ ಮೊದಲ 802.11 ಮಾನಕದಲ್ಲಿ ಜಿಗಿತದ ವಿಧಾನವೂ ಒಂದು ಆಯ್ಕೆಯಾಗಿತ್ತು, ಆದ್ರೆ ಗೆದ್ದಿದ್ದು ಬೇರೆ ವಿಧಾನ. ಬುದ್ಧಿವಂತೆ ಹೌದು, ವೈಫೈ ತಾಯಿ ಅಲ್ಲ.

ನಿಜವಾದ ತವರು ಬಹಳ ಸಾದಾ ಜಾಗ, ಅಂಗಡಿಯ ಗಲ್ಲಾ. ಎನ್‌ಸಿಆರ್ ಕಂಪನಿ ಕ್ಯಾಶ್ ರಿಜಿಸ್ಟರ್ ಮಾಡ್ತಿತ್ತು. ಅಂಗಡಿಯವರು ಕೌಂಟರ್ ಜಾಗ ಬದಲಾಯಿಸಿದಾಗೆಲ್ಲ ನೆಲ ಅಗೆದು ವೈರ್ ಎಳೀಬೇಕಲ್ಲ ಅನ್ನೋ ತಲೆನೋವಿಗೆ ನೆದರ್‌ಲೆಂಡ್ಸಿನ ಅವರ ಎಂಜಿನಿಯರುಗಳು ವೈರ್‌ಲೆಸ್ ಮದ್ದು ಹುಡುಕಿದರು. ಆ ತಂಡದ ವಿಕ್ ಹೇಯ್ಸ್ 1990ರಿಂದ 802.11 ಸಮಿತಿಯ ಅಧ್ಯಕ್ಷರಾಗಿ ಏಳು ವರ್ಷ ಕಂಪನಿಗಳ ಜಗಳ ಬಿಡಿಸಿ ಮಾನಕ ಹೊರಗೆ ತಂದರು. 'ವೈಫೈ' ಅನ್ನೋ ಹೆಸರು ಬಂದಿದ್ದು 1999ರಲ್ಲಿ, ಹೆಸರಿಡೋದನ್ನೇ ಕಸುಬು ಮಾಡಿಕೊಂಡ ಕಂಪನಿಗೆ ದುಡ್ಡು ಕೊಟ್ಟು. ಅದಕ್ಕೆ ಅರ್ಥ ಗಿರ್ಥ ಏನೂ ಇಲ್ಲ.

ಅಷ್ಟರಲ್ಲಿ ರೌಟರ್ ಎದ್ದಿತು. ಪ್ರಿಂಟರಿನಲ್ಲಿ ಮತ್ತೆ ಹುಡುಕಿದೆ. ಮಲಯಾಳಿ ಇದ್ದಾರೆ, ಈಜಿಪ್ಟ್ ಇದೆ, ಸಲೂನ್ ಇದೆ. ನಾವು ಇಲ್ಲ!

ಹನ್ನೊಂದು ಗಂಟೆ. ಅವರ ಮುಖ ಸಣ್ಣದಾಯ್ತು. "ಬೇಡ ಸರ್, ನಿಮಗೆ ನಾಳೆ ಡ್ಯೂಟಿ ಉಂಟಲ್ಲ. ನಾನು ಎಂತಾದ್ರೂ ಮಾಡ್ತೇನೆ" ಅಂದರು. ಎಂತ ಮಾಡುವುದಕ್ಕೂ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಕೂತ್ಕೊಳ್ಳಿ ಅಂದೆ.

ಪ್ರಿಂಟರಿನ ರೇಡಿಯೋನೇ ಕೆಟ್ಟಿದೆಯೋ ನೋಡೋಣ ಅಂತ ಅವರ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿಸಿ, 2.4ರಲ್ಲಿ ಇಡಿಸಿದೆ. ಪ್ರಿಂಟರ್ ತಕ್ಷಣ ಅವರ ಫೋನಿನ ಹೆಸರು ತೋರಿಸಿತು. "ಹಾಗಾದ್ರೆ ಅದಕ್ಕೆ ಕಣ್ಣು ಸರಿ ಉಂಟು. ನಿಮ್ಮದನ್ನು ಮಾತ್ರ ಕಾಣುದಿಲ್ಲ" ಅಂದರು. ಲಾಯಕ್ಕಾದ ಮಾತು. (ಆಗಲೇ ನನ್ನ ಲ್ಯಾಪ್‌ಟಾಪನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿದ್ದರೆ ಕೆಲಸ ಮುಗಿದೇ ಹೋಗ್ತಿತ್ತು. ಹೊಳೆಯಲೇ ಇಲ್ಲ! ಪತ್ತೇದಾರಿಕೆ ತಲೆಗೇರಿದರೆ ಹೀಗೇ.)

ಫೋನಿನಲ್ಲಿ ಸುತ್ತಮುತ್ತಲಿನ ವೈಫೈಗಳನ್ನ ಚಿತ್ರ ಬರೆದು ತೋರಿಸೋ ಒಂದು ಆಪ್ ಇದೆ. ತೆರೆದೆ. ವಠಾರದ ರೌಟರುಗಳೆಲ್ಲ ಒಂದರಿಂದ ಹನ್ನೊಂದರವರೆಗಿನ ಚಾನೆಲ್ಲುಗಳಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡ್ತಿದ್ದವು. ಬಲತುದಿಯಲ್ಲಿ ಒಂಟಿಯಾಗಿ ಒಂದೇ ಗುಡ್ಡ, ಚಾನೆಲ್ ಹದಿಮೂರು. ಅದು ನಮ್ಮದು.

ಥಟ್ಟನೆ 'ಅಮೆರಿಕದ್ದು' ನೆನಪಾಯಿತು.

2.4ರ ಪಟ್ಟಿಯನ್ನ ಚಾನೆಲ್ಲುಗಳಾಗಿ ಹಂಚಿದ್ದಾರೆ. ಮೊದಲನೆಯದರ ನಡುಬಿಂದು 2412 ಮೆಗಾಹರ್ಟ್ಸ್, ಆಮೇಲೆ ಐದೈದರ ಮೆಟ್ಟಿಲು. ಹನ್ನೊಂದನೆಯದು 2462, ಹದಿಮೂರನೆಯದು 2472. ಒಂದೊಂದು ಚಾನೆಲ್ಲಿಗೂ ಸುಮಾರು ಇಪ್ಪತ್ತು ಮೆಗಾಹರ್ಟ್ಸ್ ಅಗಲ ಬೇಕು, ಹಾಗಾಗಿ ಒಂದಕ್ಕೊಂದು ತಾಗದೆ ಕೂರೋದು 1, 6, 11 ಮೂರೇ. ಅಮೆರಿಕದಲ್ಲಿ ಈ ಪಟ್ಟಿ 2483.5ಕ್ಕೆ ಮುಗಿಯುತ್ತೆ, ಅದರಾಚೆ ಉಪಗ್ರಹ ಸೇವೆಯವರ ಜಾಗ, ಬೇಲಿ ದಾಟಿ ಸದ್ದು ಹೋಗೋ ಹಾಗಿಲ್ಲ ಅನ್ನೋ ನಿಯಮ ಬಹಳ ಬಿಗಿ. ಹದಿಮೂರನೆಯದು ಬೇಲಿಗೆ ಒರಗಿಕೊಂಡೇ ಕೂತಿದೆ. ಆ ರಗಳೆಯೇ ಬೇಡ ಅಂತ ಅಮೆರಿಕದಲ್ಲಿ ಮಾರೋ ಯಂತ್ರಗಳನ್ನ ತಯಾರಕರು ಹನ್ನೊಂದಕ್ಕೇ ನಿಲ್ಲಿಸಿಬಿಡ್ತಾರೆ. ಯುರೋಪಿನಲ್ಲಿ ಹದಿಮೂರರವರೆಗೂ ಸರಾಗ, ಇಲ್ಲಿ ಕತಾರಿನಲ್ಲೂ ಹಾಗೇ. ಜಪಾನಿನವರು ಹಳೇ ವೈಫೈಗೆ ಹದಿನಾಲ್ಕನೆಯದನ್ನೂ ಬಿಟ್ಟುಕೊಟ್ಟಿದ್ದರು.

ಅಂದರೆ, ನಮ್ಮ ಹೊಸ ರೌಟರ್ ಬಲು ಜಾಣ. ನಜ್ಮಾದ ಈ ಸಂತೆಯಲ್ಲಿ ಗಲಾಟೆ ಇಲ್ಲದ ಬೀದಿ ಹುಡುಕಿಕೊಂಡು ಹೋಗಿ ಊರ ಕೊನೆಯಲ್ಲಿ ಮನೆ ಮಾಡಿದೆ. ಅಮೆರಿಕದ ಪ್ರಿಂಟರಿನ ನಕ್ಷೆಯಲ್ಲಿ ಆ ಬೀದಿಯೇ ಇಲ್ಲ.

ಗಲಾಟೆಯಲ್ಲೂ ಮಾತು ಹೇಗೆ ದಾಟಿಸೋದು ಅನ್ನೋದನ್ನ ಮೊದಲು ಕಲಿತದ್ದು ಹವಾಯಿಯಲ್ಲಿ. 1971ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ನಡುವೆ ಕಂಪ್ಯೂಟರುಗಳನ್ನ ರೇಡಿಯೋದಲ್ಲಿ ಜೋಡಿಸಿತು, ಹೆಸರು ಅಲೋಹಾನೆಟ್. ನಿಯಮ ಸರಳ: ಹೇಳಬೇಕಾದ್ದು ಇದ್ದರೆ ಹೇಳು, ಇನ್ನೊಬ್ಬರ ಮಾತಿಗೆ ಡಿಕ್ಕಿ ಹೊಡೆದು ಹಾಳಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳು. ಎಷ್ಟು ಹೊತ್ತು ಅನ್ನೋದನ್ನ ಪ್ರತಿಯೊಬ್ಬರೂ ಬೇರೆ ಬೇರೆ, ಲಾಟರಿ ಎತ್ತಿದ ಹಾಗೆ. ವೈಫೈ ಅದಕ್ಕೆ ಮೊದಲು ಕಿವಿಗೊಟ್ಟು ಕೇಳೋ ಪದ್ಧತಿ ಸೇರಿಸಿತು. ನಮ್ಮ ಸಂಘದ ಸರ್ವಸದಸ್ಯರ ಸಭೆಗಳಿಗೆ ಇದನ್ನ ತರೋಕೆ ಇನ್ನೂ ಆಗಿಲ್ಲ, ಇರಲಿ ಬಿಡಿ.

ರೌಟರಿನೊಳಗೆ ಹೋಗಿ 'ಆಟೋ' ತೆಗೆದು ಚಾನೆಲ್ 6 ಅಂತ ಕಟ್ಟಿಹಾಕಿದೆ. ಮತ್ತೆ ಹುಡುಕಿದೆ. ಬಂತು! ನಮ್ಮ ಹೆಸರು ಎಲ್ಲಕ್ಕಿಂತ ಮೇಲೆ. ಪುಟ್ಟ ಬಾಣದ ಗುಂಡಿ ಒತ್ತಿ ಒತ್ತಿ ಹದಿನಾರು ಅಕ್ಷರದ ಪಾಸ್‌ವರ್ಡ್ ಹಾಕಿದೆ, ಎರಡು ಸಲ ತಪ್ಪಿದೆ, ಮೂರನೇ ಸಲ ನೀಲಿ ದೀಪ ನಿಂತು ಉರಿಯಿತು.

ಪ್ರಿಂಟ್ ಕೊಟ್ಟೆ. ಲ್ಯಾಪ್‌ಟಾಪ್ ಹೇಳಿತು, ಪ್ರಿಂಟರ್ ಆಫ್‌ಲೈನ್.

ಇದು ಹಳೇ ವಿಳಾಸದ ಕಾಟ. ಮನೆಯ ಜಾಲದಲ್ಲಿ ಯಾರಿಗೆ ಯಾವ ಮನೆ ನಂಬರ್ ಅಂತ ರೌಟರೇ ಹಂಚುತ್ತೆ. 1993ರಿಂದ ಈಚೆಗೆ ಅದಕ್ಕೆ ಡಿಎಚ್‌ಸಿಪಿ ಅನ್ನೋ ಪದ್ಧತಿ, ಅದಕ್ಕೂ ಮೊದಲು ಆಫೀಸುಗಳಲ್ಲಿ ಒಬ್ಬರು ಪುಸ್ತಕ ಇಟ್ಟುಕೊಂಡು ಕೈಯಲ್ಲಿ ಬರೀತಿದ್ದರು. ಹಳೇ ರೌಟರಿನ ಕಾಲದಲ್ಲಿ ಪ್ರಿಂಟರಿಗೆ ಸಿಕ್ಕ ನಂಬರನ್ನ ಲ್ಯಾಪ್‌ಟಾಪ್ ಗಟ್ಟಿಯಾಗಿ ಹಿಡಿದುಕೊಂಡು ಖಾಲಿ ಮನೆಯ ಬಾಗಿಲು ಬಡೀತಾ ಇತ್ತು. ಹಳೇ ಪ್ರಿಂಟರನ್ನ ಅಳಿಸಿ ಹೊಸದಾಗಿ ಸೇರಿಸಿದೆ. ಐದು ನಿಮಿಷದ ಕೆಲಸ.

ಪ್ರಿಂಟರಿನ ಮೇಲೆ ಸಿಟ್ಟು ಬಂದಾಗೆಲ್ಲ ನಾನು ರಿಚರ್ಡ್ ಸ್ಟಾಲ್‌ಮನ್ನರನ್ನ ನೆನೆಯೋದುಂಟು. 1980ರ ಸುಮಾರಿಗೆ ಎಂಐಟಿಯ ಅವರ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರ ಪರದೆಗೂ ಸುದ್ದಿ ಹೋಗೋ ಹಾಗೆ ಹಳೇ ಪ್ರಿಂಟರಿಗೆ ಅವರೇ ಪ್ರೋಗ್ರಾಮ್ ತಿದ್ದಿದ್ದರು. ಹೊಸದರ ಸೋರ್ಸ್ ಕೋಡ್ ಕೊಡಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದವರನ್ನ ಕೇಳಿದರೆ, ಯಾರಿಗೂ ಕೊಡಲ್ಲ ಅಂತ ಸಹಿ ಹಾಕಿದ್ದೀನಿ ಅಂದರಂತೆ. ಆ ಸಿಟ್ಟು 1983ರ ಗ್ನೂ ಯೋಜನೆಯವರೆಗೂ ಹೋಯಿತು.

ಆ ಕೋಡಿನ ಗುಟ್ಟಿಗೂ ನಮ್ಮ ನುಡಿ ಫಾಂಟಿನ ಗೋಳಿಗೂ ದೂರದ ನೆಂಟಸ್ತನ ಇದೆ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ನಮ್ಮ ಕಂಪ್ಯೂಟರುಗಳಿಗೆ ಅದು ಅರ್ಥವಾಗ್ತಿರಲಿಲ್ಲ. ವಿಂಡೋಸ್‌ಗೆ ಕನ್ನಡ ತಿಳಿದದ್ದು 2001ರಲ್ಲಿ ಎಕ್ಸ್‌ಪಿ ಬಂದ ಮೇಲೆ, ಅದರ 'ತುಂಗಾ' ಫಾಂಟಿನ ಜೊತೆ. ಅಲ್ಲಿವರೆಗೆ ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿ ಕೆಲಸ ಸಾಗಿಸಿದ್ದು. ಶೇಷಾದ್ರಿವಾಸು ಅಮೆರಿಕದಲ್ಲಿ ಕೂತು 1998ರಲ್ಲಿ ಬರಹ ಕೊಟ್ಟರು. ಕನ್ನಡ ಗಣಕ ಪರಿಷತ್ತು ನುಡಿ ಕೊಟ್ಟಿತು, ಅದರ ಕೀಲಿಮಣೆಗೆ ಆಧಾರ ಕೆ. ಪಿ. ರಾಯರ ವಿನ್ಯಾಸ. ಅವತ್ತು ಅವರು ಅಷ್ಟು ಮಾಡದಿದ್ದರೆ ನಮ್ಮಂಥವರು ಹೊರದೇಶದಲ್ಲಿ ಕೂತು ಒಂದು ಸಾಲು ಕನ್ನಡ ಬರೀತಿರಲಿಲ್ಲ, ಇದನ್ನ ಮರೆಯಬಾರದು. ಆದ್ರೆ ಇವತ್ತಿಗೂ ಊರಿನ ಎಷ್ಟೋ ಕಚೇರಿ, ವಕೀಲರ ಕಂಪ್ಯೂಟರುಗಳು ಆ ಹಳೇ ಗೂಡುಗಳಲ್ಲೇ ಟೈಪ್ ಮಾಡ್ತಿವೆ. ಅತ್ತ ಫಾಂಟ್ ಇಲ್ಲದವನ ಕೈಗೆ ಹೋದರೆ ಅಪ್ಪನ ಹೆಸರೂ ಟೋಪಿ ಬಾಲದ ಸಾಲು. ಪಿಡಿಎಫ್ ಮಾಡಿ ಕಳಿಸಿದ್ದರೂ ಸಾಕಿತ್ತು ಸ್ವಾಮಿ.

"ನಿಮ್ಮ ಕಡೆಯೇ ಅಲ್ವೇ," ಅಂದೆ ಅವರಿಗೆ, "ಮಂಗಳೂರಲ್ಲಿ 1843ರಲ್ಲಿ ಮೋಗ್ಲಿಂಗ್ ಸಾಹೇಬರು ಕಲ್ಲಚ್ಚಿನಲ್ಲಿ ಕನ್ನಡ ಪತ್ರಿಕೆ ತೆಗೆದದ್ದು. ಕಲ್ಲಿನ ಮೇಲೆ ಬರೆದರೆ ಬರೆದದ್ದೇ ಬರ್ತಿತ್ತು. ಫಾಂಟೂ ಬೇಡ, ಚಾನೆಲ್ಲೂ ಬೇಡ."

ಅವರು ನಗಲಿಲ್ಲ. ಪ್ರಿಂಟರ್ ಗರಗರ ಅಂತ ಶುರು ಮಾಡಿತ್ತು. ನೀಲಿ ಶಾಯಿ ಮುಗಿದಿದೆ ಅಂತ ಒಂದು ಸಲ ತಡೆದು ಕೂತಿತು. ಇಡೀ ಪತ್ರದಲ್ಲಿ ಕಪ್ಪು ಬಿಟ್ಟು ಬೇರೆ ಬಣ್ಣವೇ ಇಲ್ಲ! 'ಮುಂದುವರಿ' ಒತ್ತಿದೆ. ನಾಲ್ಕು ಹಾಳೆ ಹೊರಗೆ ಬಂದವು.

ಅವರು ಮೊದಲನೇ ಹಾಳೆ ತೆಗೆದುಕೊಂಡು ನಿಂತೇ ಓದತೊಡಗಿದರು. ಎರಡನೇ ಸಾಲಿಗೆ ನಿಂತರು. ಅಲ್ಲಿ ಅವರ ಹೆಸರು, 'ಬಿನ್' ಅಂತ ಹಾಕಿ ತಂದೆಯ ಹೆಸರು, ಅದರ ಹಿಂದೆ 'ದಿವಂಗತ' ಅಂತ ಇತ್ತು.

"ಇದನ್ನು ಅಚ್ಚಿನಲ್ಲಿ ನೋಡುದು ಇದೇ ಫಸ್ಟ್ ಸರ್," ಅಂದರು. ಸಾವಿಗೆ ಹೋಗೋಕೆ ಅವರಿಗೆ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ಏನು ಹೇಳೋದು ತಿಳೀಲಿಲ್ಲ. ಆರಿ ಹೋಗಿದ್ದ ಚಹಾ ಬಿಸಿ ಮಾಡೋಕೆ ಮೈಕ್ರೋವೇವಿಗೆ ಇಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ, "ಇನ್ನೊಂದು ಕಾಪಿ ತೆಗೀಲಿಕ್ಕೆ ಆಗ್ತದಾ? ನನ್ನ ಹತ್ತಿರ ಇರಲಿ" ಅಂದರು. ತೆಗೆದುಕೊಟ್ಟೆ. ಹನ್ನೆರಡೂಕಾಲು ಆಗಿತ್ತು.

ಭಾನುವಾರ ಮಧ್ಯಾಹ್ನ ಡ್ಯೂಟಿಯಲ್ಲಿದ್ದಾಗ ಮೆಸೇಜ್ ಬಂತು, ಸೀಲ್ ಬಿತ್ತು ಅಂತ. ಸೋಮವಾರ ರಾತ್ರಿ ಪತ್ರ ವಿಮಾನ ಹತ್ತಿತು. ನಾನು ಒಂದು ಬಿಳಿ ಟೇಪಿನ ಮೇಲೆ 'ಚಾನೆಲ್ 6, ಯಾರೂ ಮುಟ್ಟಬಾರದು' ಅಂತ ಬರೆದು ರೌಟರಿನ ನೆತ್ತಿಗೆ ಅಂಟಿಸಿದ್ದೀನಿ. ಸೂಕ್ ಅಲ್ ಹರಾಜಿಗೆ ಹೋಗಿ ಒಂದು ಯುಎಸ್‌ಬಿ ವೈರೂ ತಂದೆ, ಐದು ರಿಯಾಲಿಗೆ.